ಗೇಟಿನ ಮುಂದಿನ ಕೆಂಪು ನೀರು

ಬಸವಲಿಂಗಮ್ಮನವರಿಗೆ ಹಗಲೂ ರಾತ್ರಿ ಒಂದೇ ಚಿಂತೆ. ಮಗಳು ಅಂಜನಾಳ ನಿಶ್ಚಿತಾರ್ಥ ಬರುವ ಶನಿವಾರ, ಕತ್ರಿಗುಪ್ಪೆಯ ಮನೆಯಲ್ಲೇ. ಅವತ್ತೇ ಬಕ್ರೀದ್! ಎದುರುಮನೆಗೆ ಹೊಸದಾಗಿ ಬಂದಿರುವುದು ಮುಬೀನಾಳ ಕುಟುಂಬ.

"ಗಂಡಿನ ಕಡೆಯವರು ಮಹಾ ಆಚಾರವಂತರು. ಬೀದೀಲಿ ರಕ್ತ ಕಂಡ್ರೆ ಹಂಗೇ ವಾಪಸ್ ಹೋಗ್ತಾರೆ ಕಣ್ರೀ! ಸ್ಟೇಷನ್‌ಗೆ ಕಂಪ್ಲೇಂಟ್ ಕೊಟ್ಬಿಡ್ತೀನಿ," ಎಂದು ಪಕ್ಕದ ಮನೆಯ ಚೂಡಾಮಣಿಯ ಮುಂದೆ ಅತ್ತೇಬಿಟ್ಟರು.

"ಅವರನ್ನ ಒಂದ್ಸಲ ಕೇಳಿದ್ರಾ?"

"ಹೆಂಗ್ರೀ ಕೇಳೋದು? ಜಗಳ ಆದ್ರೆ?"

"ಕೇಳ್ದೆ ಕಂಪ್ಲೇಂಟ್ ಕೊಟ್ರೆ ಜಗಳ ಆಗಲ್ವಾ? ಗಣೇಶನ ಪೆಂಡಾಲ್ ಹಾಕೋ ಮುಂಚೆ ನಮ್ಮ ಹುಡುಗರು ಮಸೀದಿಯವರ ಜೊತೆ ಕೂತು ಮೈಕ್ ಟೈಮ್ ಮಾತಾಡ್ಕೊಂಡ್ರು. ಗಲಾಟೆ ಆಯ್ತಾ? ಏಳಿ, ನಾನೂ ಬರ್ತೀನಿ."

ಬಾಗಿಲು ತೆರೆದ ಮುಬೀನಾಳ ಮುಖವೂ ಬಿಳಿಚಿಕೊಂಡಿತು. ಬಸವಲಿಂಗಮ್ಮ ತಡವರಿಸುತ್ತಾ ವಿಷಯ ಹೇಳಿದರು.

"ಅಯ್ಯೋ ಆಂಟಿ, ಕುರ್ಬಾನಿ ಇಲ್ಲಿ ಮಾಡಲ್ಲ. ಅದಕ್ಕೆ ಅಂತ ಗೊತ್ತು ಮಾಡಿರೋ ಜಾಗ ಇದೆ. ಮಾಂಸ ಡಬ್ಬೀಲಿ ಮುಚ್ಕೊಂಡೇ ತರ್ತೀವಿ. ನಮಗೆ ನಿಮ್ಮದೇ ಭಯ! ಶಾಮಿಯಾನ ಹಾಕಿ ಬೀದಿ ಮುಚ್ಚಿಬಿಟ್ರೆ ನಮ್ಮ ಮಾವನ ವೀಲ್‌ಚೇರ್ ನಮಾಜ್‌ಗೆ ಹೆಂಗೆ ಹೋಗ್ಬೇಕು? ಕೇಳೋಕೆ ಧೈರ್ಯ ಬರಲಿಲ್ಲ."

ಬಸವಲಿಂಗಮ್ಮನವರಿಗೆ ನಾಚಿಕೆಯಾಯಿತು. ವೀಲ್‌ಚೇರಿನ ವಿಷಯ ಅವರ ತಲೆಗೇ ಹೊಳೆದಿರಲಿಲ್ಲ! ಶಾಮಿಯಾನವನ್ನು ಒಂದು ಪಕ್ಕಕ್ಕೆ ಸರಿಸುವುದು, ನೆಂಟರ ಕಾರುಗಳನ್ನು ಮುಬೀನಾಳ ಮನೆಯ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸುವುದು ಎಂದು ಅಲ್ಲೇ ತೀರ್ಮಾನವಾಯಿತು.

ಶನಿವಾರ ಬಂತು. ವೀಲ್‌ಚೇರ್ ಸಲೀಸಾಗಿ ಹೋಗಿ ಬಂತು. ಆದರೂ ಬಸವಲಿಂಗಮ್ಮನವರ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಬೀಗರ ಗಾಡಿಯ ಹಾರನ್ ಕೇಳಿ ಹೊರಗೆ ಓಡಿ ಬಂದರೆ, ಗೇಟಿನ ಮುಂದೆ ಕೆಂಪು ನೀರು!

ಶಿವನೇ, ಮಾತು ಕೊಟ್ಟು ಹಿಂಗೆ ಮಾಡಿದರಲ್ಲ! ಎದುರುಮನೆ ಕಡೆ ತಿರುಗಿ ಕೂಗಲು ಬಾಯಿ ತೆರೆದರು. ಅಲ್ಲಿ ಮುಬೀನಾ ಹಣ್ಣಿನ ತಟ್ಟೆ ಹಿಡಿದು, ಕರೆದರೆ ಬರೋಣವೆಂದು ನಿಂತಿದ್ದಳು.

ಚೂಡಾಮಣಿ ತೋಳು ಹಿಡಿದು ಎಳೆದರು. "ಏನ್ರೀ ನಿಮ್ಮ ಕಣ್ಣು! ಹುಡುಗನ ಸೋದರತ್ತೆ ಆಟೋದಲ್ಲಿ ಮೊದಲೇ ಬಂದ್ರಲ್ಲ, ಅವರಿಗೆ ನಿಮ್ಮ ತಂಗಿ ಎತ್ತಿದ ಆರತಿ ನೀರು ಅದು!"

ಬಸವಲಿಂಗಮ್ಮನವರು ಮುಬೀನಾಳತ್ತ ಕೈ ಚಾಚಿದರು. ತೆರೆದ ಬಾಯಿಂದ ಕೊನೆಗೂ ಬಂದದ್ದು ಇಷ್ಟೇ: "ಬಾ ತಾಯಿ, ಒಳಗೆ ಬಾ. ನೀನಿಲ್ದೆ ಶಾಸ್ತ್ರ ಶುರು ಮಾಡಲ್ಲ."

ಅವತ್ತು ಆ ಬಾಯಿ ಜಾರಿದ್ದರೆ ಏನಾಗುತ್ತಿತ್ತು, ನೀವೇ ಹೇಳಿ! ನಿಮ್ಮ ಬೀದಿಗೂ ಹಬ್ಬ ಬರುತ್ತದೆ. ಎದುರುಮನೆಯ ಬಾಗಿಲನ್ನು ಮೊದಲೇ ತಟ್ಟಿ. ನಿಮ್ಮ ಹೆದರಿಕೆ ಹೇಳಿ, ಅವರದ್ದನ್ನೂ ಕೇಳಿ. ನಾಳೆ ಅನ್ನಬೇಡಿ, ಇವತ್ತೇ ಹೋಗಿ.