ಮೇಲಿನ ಮನೆಯ ತಾಳ

"ಮೊದಲು ಡಬ್ಬ ಸರಿಸ್ರಿ. ಸ್ಟ್ರೆಚರ್ ತಿರುಗಲ್ಲ ಇಲ್ಲಿ," ಎಂದು ಹಿಂದಿನಿಂದ ಎದುರಂಗಡಿಯ ಟೈಲರ್ ಹೇಳಿದ.

ಮೆಟ್ಟಿಲಿನ ತಿರುವಿನಲ್ಲಿ ಆಳೆತ್ತರದ ಎರಡು ಸ್ಪೀಕರ್ ಡಬ್ಬಗಳು ನಿಂತಿದ್ದವು. ಹೊತ್ತವರು ಅರ್ಧದಲ್ಲೇ ನಿಂತರು. ಕೆಳಗಿನ ಮೈಕ್‌ಸೆಟ್ ಅಂಗಡಿಯವನು ಏದುಸಿರು ಬಿಡುತ್ತ ಹತ್ತಿ ಬಂದು ಡಬ್ಬಗಳನ್ನು ಗೋಡೆಗೆ ಒತ್ತಿದ. ಸಿಕ್ಕಿದ್ದು ಒಂದು ಗೇಣು ಜಾಗ. ಕಡೆಗೆ ಸತ್ತವಳನ್ನೇ ಓರೆ ಮಾಡಿದರು.

"ಅಕ್ಕ ಬದುಕಿದ್ದಾಗಲೂ ಇಲ್ಲಿ ಓರೆಯಾಗೇ ಇಳೀತಿದ್ದಳು," ಎಂದ ಅವಳ ತಮ್ಮ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸತ್ತವಳು ನಿವೃತ್ತ ನರ್ಸ್. ಸದಾ ಕಿವಿಗೆ ಹತ್ತಿ ತುರುಕಿಕೊಂಡಿರುತ್ತಿದ್ದುದರಿಂದ ಬೀದಿಗೆ ಅವಳು ಹತ್ತಿಯಮ್ಮ. ಮೊನ್ನೆ ಬೆಳಿಗ್ಗೆ ಹಾಲು ತೆಗೆದುಕೊಂಡ ಮೇಲೆ ಮಂಚದ ಪಕ್ಕ ಬಿದ್ದು ಸೊಂಟ ಮುರಿದುಕೊಂಡಿದ್ದಳು. ನಿನ್ನೆ ಹಾಲಿನವಳು ಬಾಗಿಲು ಬಡಿದು ಬಡಿದು, ಕೊನೆಗೆ ಒಡೆಸಿದಾಗ ಜೀವ ಹೋಗಿ ಎಷ್ಟೋ ಹೊತ್ತಾಗಿತ್ತು. ಮೊನ್ನೆ ಸಂಜೆಯವರೆಗೂ ಉಸಿರಿದ್ದಿರಬೇಕು ಎಂದು ಡಾಕ್ಟರು ಹೇಳಿದ್ದರು.

ಕೆಳಗೆ ಬೀದಿಗೆ ಬೀದಿಯೇ ನೆರೆದಿತ್ತು. ಗುಂಪು ಸೇರಲು ಈ ಜನಕ್ಕೆ ಒಂದು ನೆಪ ಸಾಕು. ಮದುವೆಯೋ, ಜಗಳವೋ, ಹೆಣವೋ, ಭೇದವಿಲ್ಲ. ಹಿಂದೆ ನಿಂತವರಿಗೆ ಕಾಣಲೆಂದು ಮುಂದಿನವರು ಕೂರುವುದು ಮಾತ್ರ ಯಾವತ್ತೂ ಇರಲಿಲ್ಲ.

"ನಮ್ಮ ಬೀದೀಲಿ ಯಾರೂ ಒಂಟಿ ಅಲ್ಲ ಸಾರ್," ಟೈಲರ್ ತಮ್ಮನ ಹೆಗಲ ಮೇಲೆ ಕೈಯಿಟ್ಟ. "ಇಲ್ಲಿ ಇರುವೆ ಸೀನಿದ್ರೂ ನಮಗೆ ಗೊತ್ತಾಗುತ್ತೆ."

"ಮೊನ್ನೆ ಇಡೀ ದಿನ ಬಿದ್ದಿದ್ದಳಲ್ಲ?"

"ಅದು ಬೇರೆ ವಿಷಯ ಬಿಡಿ ಸಾರ್."

*

ಆ ಮನೆ ಅವಳ ಗಂಡನ ಆಯ್ಕೆ. ಅವನು ಬಸ್ ಕಂಡಕ್ಟರ್. ದಿನವಿಡೀ ನೂಕುನುಗ್ಗಲಲ್ಲಿ ಕೂಗಾಡಿ ಬಂದವನಿಗೆ ಮನೆಯಲ್ಲೂ ಅದೇ ಬೇಕಿತ್ತು. "ಇಲ್ಲಿ ಜೀವ ಇದೆ ಕಣೇ," ಎನ್ನುತ್ತಿದ್ದ. ಅಲ್ಲಿಂದ ಮೊದಲು ಹೊರಟದ್ದು ಅವನದೇ ಜೀವ.

ಅವಳಿಗೆ ಬಹುಪಾಲು ರಾತ್ರಿ ಪಾಳಿ. ಊರು ಎದ್ದಾಗ ಬಂದು ಮಲಗಬೇಕು. ಅವಳು ತಲೆದಿಂಬಿಗೆ ತಲೆಯಿಡುವುದಕ್ಕೂ ಕೆಳಗಿನವನು ಅಂಗಡಿ ತೆರೆಯುವುದಕ್ಕೂ ಸರಿಹೋಗುತ್ತಿತ್ತು. ಬಾಡಿಗೆಗೆ ಹೋಗಬೇಕಾದ ಒಂದೊಂದು ಮೈಕನ್ನೂ ಅವನು ಪರೀಕ್ಷಿಸುತ್ತಿದ್ದ. "ಹಲೋ, ಒನ್, ಟೂ." ಮೂರರವರೆಗೆ ಎಣಿಸಿದ್ದನ್ನು ಅವಳು ಕೇಳಿರಲಿಲ್ಲ. ಎದ್ದು ಕಿಟಕಿಯ ಬಳಿ ಹೋಗಿ ಕೋಲಿನಿಂದ ನೆಲ ಕುಟ್ಟುತ್ತಿದ್ದಳು. ಮೊದಮೊದಲು ಅವನು ಸದ್ದು ತಗ್ಗಿಸುತ್ತಿದ್ದ. ಆಮೇಲೆ ಅದು ಬೀದಿಗೆ ತಮಾಷೆಯಾಯಿತು. ಮೇಲೆ ಕುಟ್ಟಿದಷ್ಟೂ ಕೆಳಗೆ ಏರಿಸುತ್ತಿದ್ದ.

"ತಲೆಯೊಳಗೆ ಏನೂ ಇಲ್ಲ ಅಂತ ತಮಗೇ ಗೊತ್ತಾಗಿಬಿಡುತ್ತೆ ಅನ್ನೋ ಭಯ ಇವರಿಗೆ," ಎಂದು ಅವಳು ಹಾಲಿನವಳಿಗೆ ಹೇಳುತ್ತಿದ್ದಳು. "ಅದಕ್ಕೇ ಹೊರಗಡೆ ಇಷ್ಟು ಗದ್ದಲ."

*

ನಿವೃತ್ತಿಯಾದ ಮೇಲೆ ತಮ್ಮ ಅವಳನ್ನು ತನ್ನ ಮನೆಗೆ ಕರೆದೊಯ್ದಿದ್ದ. ಊರಾಚೆಯ ಬಡಾವಣೆ, ಒಂದೇ ಬಣ್ಣದ ಗೇಟುಗಳು. ಅವನ ಪಕ್ಕದ ಮನೆಯವರ ಹೆಸರು ಅವನಿಗೇ ಗೊತ್ತಿರಲಿಲ್ಲ. ಅದನ್ನು ಅವನು ಹೆಮ್ಮೆಯಿಂದ ಹೇಳಿಕೊಂಡ.

ಅವಳು ಒಂದು ವಾರ ಸುಖವಾಗಿ ಮಲಗಿದಳು. ಆಮೇಲೆ ಚೀಲ ಕಟ್ಟಿದಳು.

"ಯಾಕಕ್ಕಾ? ಸೂಜಿ ಬಿದ್ದರೂ ಕೇಳಿಸುತ್ತಲ್ಲ ಇಲ್ಲಿ?"

"ಕೇಳಿಸುತ್ತೆ. ಎತ್ತಿಕೊಡೋಕೆ ಯಾರು ಬರ್ತಾರೆ? ಶವಾಗಾರ ನೋಡಿದವಳು ನಾನು. ಅಲ್ಲಾದರೂ ವಾಚ್‌ಮನ್ ಹಾಡು ಗುನುಗುತ್ತಿದ್ದ."

"ಆ ಕೊಂಪೇಲಿ ಏನಿದೆ ಅಂತ ಹೋಗ್ತೀಯ?"

"ಏನೂ ಇಲ್ಲ. ಕತ್ತೆಗಳಿವೆ. ಆದರೆ ಬೈಯೋಕಾದರೂ ಜನ ಬೇಕಲ್ಲೋ. ನಾನು ಕುಟ್ಟಿದರೆ ಕೇಳಿಸಿಕೊಳ್ಳೋನು ಒಬ್ಬ ಇದ್ದಾನೆ ಅಲ್ಲಿ, ಅಯೋಗ್ಯನೇ ಆದರೂ."

ತಮ್ಮ ಮುನಿಸಿಕೊಂಡ. ಬಸ್ ಹತ್ತಿಸಲೂ ಬರಲಿಲ್ಲ.

*

ಮೈಕಿನವನು ಬಾಡಿಗೆಯಿಲ್ಲದೆ ಮೈಕು ಹಾಕಿದ್ದ. ಅದನ್ನು ಹೋಗಿ ಬಂದವರಿಗೆಲ್ಲ ಹೇಳಿಯೂ ಆಗಿತ್ತು. ಹೆಣದ ತಲೆಯ ಬಳಿಯೇ ಸ್ಪೀಕರ್. ಒಬ್ಬರಾದ ಮೇಲೆ ಒಬ್ಬರು ಬಂದು, ತಾವು ಎಂದೂ ಮಾತಾಡಿಸದವಳನ್ನು ತಾಯಿ ಎಂದರು, ದೇವತೆ ಎಂದರು. ಕಡೆಗೆ ಮೈಕಿನವನೇ ನಿಂತ.

"ನನಗೂ ಅಮ್ಮನಿಗೂ ಜಗಳ ಅಂತಾರೆ. ಸುಳ್ಳು. ನಾನು ಇಲ್ಲಿ ಹಾಡು ಹಾಕಿದರೆ ಅಮ್ಮ ಮೇಲಿಂದ ತಾಳ ಹಾಕೋರು. ಒಂದು ದಿನ ತಪ್ಪಿಸಿದವರಲ್ಲ. ಮೊನ್ನೆನೂ ಹಾಕಿದ್ರು. ಮಾಮೂಲಿ ಕೋಲಲ್ಲ, ಏನೋ ಲೋಟದ ಸದ್ದು. ಅಮ್ಮ ಇವತ್ತು ವಾದ್ಯ ಬದಲಾಯಿಸಿದ್ದಾರೆ ಅಂತ ಟೈಲರಣ್ಣಂಗೂ ಹೇಳಿದೆ. ಮಧ್ಯಾಹ್ನದವರೆಗೂ ಅವರು ಬಿಡಲಿಲ್ಲ. ನಾನೂ ಬಿಡಲಿಲ್ಲ, ಏರಿಸ್ತಾ ಹೋದೆ. ಅಂಥ ಗಟ್ಟಿ ಜೀವ."

ಜನ ನಕ್ಕರು. ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

ತಮ್ಮ ಎದ್ದು ಮೈಕಿನ ಹತ್ತಿರ ಬಂದ. "ಯಾವಾಗ ಶುರುವಾಯ್ತು ಲೋಟದ ಸದ್ದು?"

"ಬೆಳಿಗ್ಗೆ, ನಾನು ಅಂಗಡಿ ತೆಗೆದಾಗಿಂದಲೂ..."

ಅವನು ಉಗುಳು ನುಂಗಿದ್ದನ್ನು ಸ್ಪೀಕರ್ ಬೀದಿಯ ತುದಿಯವರೆಗೂ ಮುಟ್ಟಿಸಿತು.

"ಕೇಳಿಸಿತ್ತು ಹಾಗಾದ್ರೆ," ಎಂದಳು ಹಾಲಿನವಳು.

ಟೈಲರ್ ತಟ್ಟನೆ ಮೈಕ್ ಕಿತ್ತುಕೊಂಡ. "ಎಲ್ಲರೂ ಎರಡು ನಿಮಿಷ ಮೌನ ಆಚರಿಸೋಣ."

ಎಲ್ಲರೂ ತಲೆ ತಗ್ಗಿಸಿದರು. ಆ ಬೀದಿಗೆ ಮೌನ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಗಾಡಿ ಬಂತು. ಜಾಗ ಹಿಡಿಯಲು ಹತ್ತಾರು ಮಂದಿ ನುಗ್ಗಿದರು. ತಮ್ಮ ಬಾಗಿಲಿಗೆ ಅಡ್ಡ ನಿಂತ.

"ನೀವ್ಯಾರೂ ಬರೋದು ಬೇಡ. ಅವಳು ಸ್ವಲ್ಪ ಮಲಗಲಿ."

"ಅದು ಹೇಗೆ ಸಾರ್? ನಾವು ಮನೆಯವರಿದ್ದ ಹಾಗೆ."

"ನಾನೂ ಮನೆಯವನೇ. ಬಸ್ ಹತ್ತಿಸೋಕೂ ಬರದವನು. ನಮ್ಮ ಯೋಗ್ಯತೆ ಇಷ್ಟೇ, ಸರೀರಿ ಆಚೆ." ಅವನು ಹಾಲಿನವಳ ಕಡೆ ತಿರುಗಿದ. "ನೀನು ಬಾರಮ್ಮ. ಬಾಗಿಲು ಬಡಿದವಳು ನೀನೊಬ್ಬಳೇ."

ಗಾಡಿ ಹಾರ್ನ್ ಮಾಡದೆ ಹೋಯಿತು. ಜನ ಸ್ವಲ್ಪ ಹೊತ್ತು ತಮ್ಮನ ದುರಹಂಕಾರದ ಬಗ್ಗೆ ಮಾತಾಡಿದರು. ಮಾತಾಡುತ್ತ ಅವರ ಜೀವ ಹಗುರವಾಯಿತು.

ಮೈಕಿನವನು ವೈರು ಸುತ್ತಿಕೊಂಡು ಅಂಗಡಿಯೊಳಗೆ ಬಂದ. ಮೂಲೆಯ ದೊಡ್ಡ ಸ್ಪೀಕರಿನ ಮೇಲೆ ಸುಣ್ಣದ ಚಕ್ಕೆಗಳು ಬಿದ್ದಿದ್ದವು. ತಲೆಯೆತ್ತಿದ. ಮೇಲೆ ಅಂಗೈಯಗಲ ಸುಣ್ಣ ಎದ್ದುಹೋಗಿತ್ತು. ಕೋಲಿನ ಗುರುತೆಲ್ಲ ಕಿಟಕಿಯ ಕಡೆಗಿತ್ತು, ಇದು ಹೊಸದು, ಮೇಲೆ ಮಂಚವಿರುವ ಕಡೆ. ಅವನು ಕತ್ತು ನೋಯುವವರೆಗೂ ನೋಡುತ್ತ ನಿಂತ.

"ಏನಾದ್ರೂ ಹಾಕಪ್ಪಾ," ಎದುರಿನಿಂದ ಟೈಲರ್ ಕೂಗಿದ. "ಬೀದಿ ಬಿಕೋ ಅಂತಿದೆ."

ಮೈಕಿನವನು ಬಟ್ಟೆ ತಂದು ಚಕ್ಕೆಗಳನ್ನು ಒರೆಸಿದ. ಸ್ಪೀಕರನ್ನು ಒಂದು ಮೊಳ ಈಚೆಗೆ ಎಳೆದುಕೊಂಡ. ಆಮೇಲೆ ಸ್ವಿಚ್ ಹಾಕಿದ.