ತುಟಿಯ ಮೇಲೆ ಎರಡೂ ಒಂದೇ

ಇಬ್ಬರು ಸೊಸೆಯಂದಿರೂ ಮಾತಿಲ್ಲದೆ ಅಂಗಿಗಳ ಕೆಲಸದಲ್ಲಿದ್ದರು. ದೊಡ್ಡವಳು ಕಾಜಾ ಮುಗಿಸಿ ಕೊಟ್ಟದ್ದಕ್ಕೆ ಚಿಕ್ಕವಳು ಗುಂಡಿ ಕೂರಿಸಿ, ದಾರವನ್ನು ಹಲ್ಲಿನಲ್ಲಿ ಕಡಿದು, ಮಡಚಿ ಪಕ್ಕಕ್ಕಿಡುತ್ತಿದ್ದಳು. ಅತ್ತೆ ಚಿಕ್ಕವಳ ಮಗು ಮಲಗಿದ್ದ ಒಳಕೋಣೆಯ ಹೊಸ್ತಿಲಿಗೆ ಬೆನ್ನು ಮಾಡಿ ಕೂತಿದ್ದರು. ಅವರಿಗೆ ಕಿವಿ ಕೇಳಿಸುವುದು ಯಾವತ್ತೋ ನಿಂತಿತ್ತು; ಆ ಕೆಲಸವನ್ನೂ ಕಣ್ಣೇ ವಹಿಸಿಕೊಂಡಿತ್ತು.

ಕೈ ಓಡತೊಡಗಿದರೆ ಚಿಕ್ಕವಳ ಗಂಟಲು ತಾನಾಗಿಯೇ ಆಡುತ್ತಿತ್ತು. ಇವತ್ತೂ ಆಡಿತು, ಜೊತೆಗೆ ತುಟಿಯೂ.

"ಶುರುವಾಯ್ತು ನೋಡು!" ಅತ್ತೆ ಕಿರಿಮಗನನ್ನು ಕೂಗಿದರು. ಅವನು ತುಳಿಯುತ್ತಿದ್ದ ಹೊಲಿಗೆ ಮಷೀನು ನಿಲ್ಲಿಸಿದ. "ಎದುರಿಗೆ ಬೈದ್ರೆ ಉತ್ತರ ಕೊಡಬಹುದು. ಒಳಗೊಳಗೇ ಗೊಣಗೋ ಹೆಂಗಸು ಅಂದ್ರೆ ಬಾಗಿಲಿಗೆ ಗೆದ್ದಲು ಹಿಡಿದ ಹಾಗೆ."

"ಗೊಣಗಲಿಲ್ಲ ಅತ್ತೆ," ಚಿಕ್ಕವಳು ಅವರತ್ತ ಮುಖ ಎತ್ತಿದಳು. "ಗುನುಗ್ತಿದ್ದೆ."

"ನಾನೂ ಅದನ್ನೇ ಹೇಳಿದ್ದು. ಒಪ್ಪಿಕೊಂಡ್ಲಲ್ಲ!"

"ಗೊಣಗೋದಲ್ಲ, ಗು-ನು-ಗೋದು."

ಅತ್ತೆಗೆ ಕಂಡದ್ದು ತುಟಿ ಮಾತ್ರ. ತುಟಿಯ ಮೇಲೆ ಎರಡೂ ಒಂದೇ.

ಚಿಕ್ಕವಳ ಗಂಡನಿಗೆ ನಗು ಬಂತು. "ಅದೇನದು, ನಿಮ್ಮಪ್ಪನ ಮನೆ ಮಾತಾ?"

"ಮೆತ್ತಗೆ ಹಾಡಿಕೊಳ್ಳೋದು. ಜೇನುಹುಳದ ಸದ್ದಿನಿಂದ ಹುಟ್ಟಿದ ಮಾತು ಅಂತ ಅಪ್ಪ ಹೇಳ್ತಿದ್ರು."

"ಇವಳು ಜೇನುಹುಳ ಅಂತೆ ಅಮ್ಮಾ!" ಅವನು ಬೆರಳಾಡಿಸಿ ಹುಳ ಹಾರಿಸಿ ತೋರಿಸಿದ.

"ಹೌದೌದು. ಹಿಂದೆ ಕೊಂಡಿ ಇದೆಯಲ್ಲ." ಅತ್ತೆ ನಗಲಿಲ್ಲ. "ನಾಳೆ ಇವಳನ್ನ ಅವಳಣ್ಣನ ಮನೇಲಿ ಬಿಟ್ಟು ಬಾ. ಮಗು ಇಲ್ಲೇ ಇರ್ಲಿ. ಅದಕ್ಕೂ ಕಲಿಸಿಬಿಟ್ಟಾಳು."

ಚಿಕ್ಕವಳ ಕೈಯಿಂದ ಗುಂಡಿ ಉರುಳಿತು. ಅವಳು ಗಂಡನ ಮುಖ ನೋಡಿದಳು.

"ಹಾಡ್ತಿದ್ದೆ ಅಂತೀಯಲ್ಲ, ಹಾಡು ಮತ್ತೆ. ಕೇಳೋಣ," ಎಂದ ಅವನು.

ಅವಳು ಹಾಡಲು ನೋಡಿದಳು. ಬಾಗಿಲ ಕೀಲು ಕಿರುಗುಟ್ಟಿದಂಥ ಸದ್ದೊಂದು ಹೊರಟು ಅಲ್ಲೇ ಮುರಿಯಿತು. ಮುಖ ಸೊಟ್ಟಗಾಯಿತು.

"ನೋಡು, ನೋಡು! ನನ್ನೆದುರಿಗೇ ಗೊಣಗ್ತಾಳೆ!" ಎಂದರು ಅತ್ತೆ.

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು, "ಅತ್ತಿಗೆ, ನೀವು ಪಕ್ಕದಲ್ಲೇ ಇದ್ರಲ್ಲ. ನೀವೇ ಹೇಳಿ, ಏನು ಮಾಡ್ತಿದ್ಲು?" ಎಂದ.

ಬೆಳಿಗ್ಗೆ ಅದೇ ಹಾಡಿಗೆ "ಇನ್ನೊಂದ್ಸಲ ಅನ್ನೇ" ಎಂದಿದ್ದವಳು ದೊಡ್ಡವಳು. ಆದರೆ ಈ ಚಿಕ್ಕವಳು ಮನೆಗೆ ಬರುವ ತನಕ ಅತ್ತೆಯ ಬಾಯಲ್ಲಿ ಗೆದ್ದಲು, ಕೊಂಡಿ ಎಲ್ಲವೂ ಈ ದೊಡ್ಡವಳೇ ಆಗಿದ್ದಳು. ಅವಳು ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಸೂಜಿಯನ್ನು ಬೆಳಕಿಗೆ ಹಿಡಿದಳು.

"ನಂಗೇನೂ ಕೇಳಿಸ್ಲಿಲ್ಲಪ್ಪ."

ಗಂಡ ಮತ್ತೆ ಮಷೀನು ತುಳಿಯತೊಡಗಿದ. ಒಳಕೋಣೆಯಲ್ಲಿ ಮಗು ಎದ್ದು ಅಳುವುದು ಕೇಳಿಸಿತು. ಚಿಕ್ಕವಳು ಎದ್ದು ಹೊಸ್ತಿಲ ತನಕ ಹೋದಳು. ಅತ್ತೆ ಎರಡೂ ಕಾಲನ್ನು ಅಡ್ಡಕ್ಕೆ ಚಾಚಿ, ಕಣ್ಣು ಮುಚ್ಚಿಕೊಂಡರು.

"ಮಗು ಅಳ್ತಿದೆ ಅತ್ತೆ. ಸ್ವಲ್ಪ ದಾರಿ ಬಿಡಿ."