ನೀರು ಬೆರೆಸಿದ ಬಾಟಲಿ

“ಸುಷ್ಮಾ, ಹಾಲು ತಗೊಂಡು, ಬರ್ತಾ ಶೇಷಮ್ಮನ ಮನೇಲಿ ನಮ್ಮ ಡಬ್ಬಿ ಇಸ್ಕೊಂಡು, ಗೇಟ್ ಹಾಕ್ಕೊಂಡು ಬಾ,” ಎಂದು ಪುಷ್ಪಮ್ಮ ಒಲೆಯ ಮುಂದಿನಿಂದಲೇ ಕೂಗಿ ಹೇಳಿದಳು.

ಅರ್ಧ ಗಂಟೆಯ ನಂತರ ಮಗಳು ಬರಿಗೈಯಲ್ಲಿ ಬಂದಳು. ಒಂಬತ್ತು ತುಂಬಿದ್ದರೂ ಆರರವಳಂತೆ ಕಾಣುವ ಹುಡುಗಿ.

“ಹಾಲೆಲ್ಲೇ?”

“ಹಾಲಿನವನು ಬಂದಿಲ್ಲಮ್ಮ.”

ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಬಂದು ಬಾಗಿಲಲ್ಲಿ ಕೂತಿದ್ದ ಹೂವಪ್ಪನಿಗೆ ಹಾಲಿನವನ ಸೈಕಲ್ಲು ಎದುರಿನ ಕ್ವಾರ್ಟರ್ಸ್ ಮುಂದೆಯೇ ಕಾಣುತ್ತಿತ್ತು. ಮನೆಯ ಕ್ಯಾನು ನಲ್ಲಿಕಟ್ಟೆಯ ಮೇಲಿತ್ತು. ಅವನು ಎದ್ದು ಮಗಳ ಬೆನ್ನಿಗೆ ಬಾರಿಸಿದ.

“ಬಾಯಿ ಬಿಟ್ರೆ ಸುಳ್ಳು! ಯಾರಿಂದ ಕಲಿತ್ಯೇ ಇದನ್ನ?”

ಪುಷ್ಪಮ್ಮ ತಲೆ ತಗ್ಗಿಸಿ ಒಲೆಯನ್ನೇ ನೋಡಿದಳು.

ಹಿಂದಿನ ವಾರ ಗಂಡ ಹೆಂಡತಿ ಮಗಳನ್ನು ಶಿವಮೊಗ್ಗದ ಮಕ್ಕಳ ಡಾಕ್ಟರಮ್ಮನಿಗೆ ತೋರಿಸಿದ್ದರು. ಆಕೆ ಮಗುವಿನ ತಲೆಯ ಸುತ್ತಳತೆ ತೆಗೆದು, ತೆಳುವಾದ ಮೇಲ್ದುಟಿಯನ್ನು ಬಹಳ ಹೊತ್ತು ನೋಡಿ, “ಬಸುರಿಯಾಗಿದ್ದಾಗ ಮದ್ಯ ಏನಾದ್ರೂ ತಗೊಂಡಿದ್ರಾ?” ಎಂದು ಕೇಳಿದ್ದರು. “ನಮ್ಮನೆ ಹೆಂಗಸ್ರು ಅದನ್ನ ಮೂಸೂ ನೋಡಲ್ಲ ಮೇಡಂ,” ಎಂದು ಹೂವಪ್ಪ ನಕ್ಕಿದ್ದ. ಪುಷ್ಪಮ್ಮನೂ ಇಲ್ಲವೆಂದು ತಲೆಯಾಡಿಸಿದ್ದಳು.

ಬ್ರಾಂದಿಯ ಮೊದಲ ಚಮಚ ಕೊಟ್ಟವಳು ಪಕ್ಕದ ಮನೆಯ ಶೇಷಮ್ಮ. ನೆಗಡಿಗೆಂದು. “ಬಾಣಂತಿಗೆ ಕೊಡೋದು ಬಸುರಿಗೆ ಆಗಲ್ವೇನೇ ಮಾರಾಯ್ತಿ? ಮೈ ಬೆಚ್ಚಗಿರುತ್ತೆ,” ಎಂದಿದ್ದಳು. ಬಾಣಂತಿಗೆ ಬ್ರಾಂದಿ ಕೊಡುವುದು ಆ ಸಾಲಿನ ಮನೆಗಳಲ್ಲಿ ಯಾರಿಗೂ ಹೊಸತಲ್ಲ. ಆದರೆ ನೆಗಡಿ ವಾಸಿಯಾದ ಮೇಲೂ ಪುಷ್ಪಮ್ಮನಿಗೆ ಅದು ಬೇಕೆನಿಸಿತು. ಗಂಡ ಪಾಳಿಗೆ ಹೋದ ಮೇಲೆ ಅವನ ಬೀರುವಿನ ಬಾಟಲಿಯಿಂದ ಬಗ್ಗಿಸಿಕೊಳ್ಳುತ್ತಿದ್ದಳು. ಮೊದಲು ಒಂದು ಮುಚ್ಚಳ, ಆಮೇಲೆ ಅರ್ಧ ಲೋಟ. ಹೆರಿಗೆಯಾಗುವ ತನಕ. ಶೇಷಮ್ಮನಿಗೂ ಇದು ಗೊತ್ತಿರಲಿಲ್ಲ.

ಆ ಸಂಜೆ ಜಡೆ ಹಾಕಿಸಿಕೊಳ್ಳುತ್ತಾ ಸುಷ್ಮಾ ಮೆಲ್ಲಗೆ ಕೇಳಿದಳು: “ಅಮ್ಮ, ಬೆಳಿಗ್ಗೆ ಅಪ್ಪ ಯಾಕೆ ಹೊಡೆದ್ರು?”

ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಪುಷ್ಪಮ್ಮನ ಕೈ ಜಡೆಯಲ್ಲೇ ನಿಂತಿತು.

ಮರುದಿನ ಅವಳೊಬ್ಬಳೇ ಶಿವಮೊಗ್ಗದ ಬಸ್ಸು ಹತ್ತಿದಳು. ಮಲವಗೊಪ್ಪ ದಾಟುವಾಗ ಇಳಿದು ಹಿಂದಿರುಗಿಬಿಡೋಣ ಎನಿಸಿತು. ಇಳಿಯಲಿಲ್ಲ.

ಎಲ್ಲವನ್ನೂ ಹೇಳಿದ ಮೇಲೂ ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತೇನೋ. “ಇದು ಪೂರ್ತಿ ಗುಣವಾಗಲ್ಲ ಪುಷ್ಪಮ್ಮ. ಮಿದುಳು ಬೆಳೆಯೋವಾಗಲೇ ಬಿದ್ದ ಪೆಟ್ಟು. ಹೇಳಿದ್ದು ಅವಳಲ್ಲಿ ಉಳಿಯಲ್ಲ. ಮರೆತ ಜಾಗಕ್ಕೆ ತೋಚಿದ್ದು ತುಂಬಿಸ್ತಾಳೆ. ನಿಮಗದು ಸುಳ್ಳು, ಅವಳಿಗೆ ಅದೇ ನಿಜ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಬಾಯಲ್ಲಿ ಹೇಳೋದಷ್ಟೇ ಅಲ್ಲ, ತೋರಿಸಿ. ದಿನಾ ಅದೇ ಹೊತ್ತು, ಅದೇ ಕ್ರಮ. ಹೊಡೆದರೆ ಏಟು ನೆನಪಿರುತ್ತೆ, ಯಾಕೆ ಅನ್ನೋದು ಇರಲ್ಲ.”

“ನಾನೊಬ್ಬಳೇ ಮಾಡಿದ್ರೆ ಸಾಲಲ್ವಾ ಮೇಡಂ?”

“ಅವಳಪ್ಪನೂ ಮಾಡದಿದ್ರೆ ಅರ್ಧ ಮನೆ ಮಾತ್ರ ಅವಳದಾಗುತ್ತೆ.”

ಪುಷ್ಪಮ್ಮ ಗೋಡೆಗೆ ಚಿತ್ರ ಬರೆದು ಅಂಟಿಸಿದಳು: ಬ್ರಷ್ಷು, ಚೊಂಬು, ಬಾಚಣಿಗೆ, ಚೀಲ. ಬೆಳಗಿನ ಸೈರನ್ ಆದರೆ ಸ್ನಾನ. “ಏನೇ, ಅಂಗನವಾಡಿ ತೆಗೆದಿದೀಯ?” ಎಂದು ಶೇಷಮ್ಮ ನಕ್ಕಳು. ಕೆಲವು ದಿನ ಚೆನ್ನಾಗಿ ನಡೆಯುತ್ತಿತ್ತು, ಕೆಲವು ದಿನ ಏನೂ ನಡೆಯುತ್ತಿರಲಿಲ್ಲ. ಗಂಡನಿಗೆ ಮಾತ್ರ ಅವಳು ಹೇಳಲಿಲ್ಲ.

ಒಂದು ಮಧ್ಯಾಹ್ನ ಪಾಳಿಯ ಹೊತ್ತಿಗೆ ಹೂವಪ್ಪನ ಸೈಕಲ್ ಬೀಗದ ಕೈ ಕಾಣಲಿಲ್ಲ.

“ನಿನ್ನ ಕೈಲೇ ಕೊಟ್ಟಿದ್ನಲ್ಲೇ?”

“ಕಾಗೆ ತಗೊಂಡು ಹೋಯ್ತಪ್ಪ,” ಎಂದಳು ಸುಷ್ಮಾ. ಅವಳ ಲಂಗದ ಜೇಬಿನಲ್ಲೇ ಕೀ ಸದ್ದಾಯಿತು.

ಹೂವಪ್ಪ ಕೈ ಎತ್ತಿದ. ಪುಷ್ಪಮ್ಮ ಆ ಕೈಯನ್ನು ಹಿಡಿದುಕೊಂಡಳು.

“ಬಿಡು! ಇವಳಿಗೆ ಸುಳ್ಳುಬುರುಕ ಬುದ್ಧಿ ಎಲ್ಲಿಂದ ಬಂತು ಅಂತ ಗೊತ್ತಾಗ್ಬೇಕು ನಂಗೆ.”

“ನನ್ನಿಂದ ಬಂತು. ಇವಳು ಹೊಟ್ಟೇಲಿದ್ದಾಗ ನಿಮ್ಮ ಬ್ರಾಂದಿ ಸಪ್ಪೆ ಅಂತ ಅಂಗಡಿಯವನ ಕಾಲರ್ ಹಿಡಿದಿದ್ರಲ್ಲ, ನೆನಪಿದೆಯಾ? ನೀರು ಬೆರೆಸಿದ್ದು ಅವನಲ್ಲ.”

ಅವಳು ಉಳಿದದ್ದನ್ನೂ ಹೇಳಿದಳು, ಡಾಕ್ಟರಮ್ಮ ಹೇಳಿದ್ದನ್ನೂ. ಹೂವಪ್ಪ ಕೈ ಬಿಡಿಸಿಕೊಂಡು, ಕೀಯನ್ನೂ ಕೇಳದೆ ನಡೆದೇ ಪಾಳಿಗೆ ಹೋದ. ಮೂರು ದಿನ ಅವಳೊಡನೆ ಮಾತಾಡಲಿಲ್ಲ. ಬಡಿಸಿದ್ದನ್ನು ತಲೆ ಎತ್ತದೆ ಉಣ್ಣುತ್ತಿದ್ದ. ಬೀರುವಿನಲ್ಲಿದ್ದ ಬಾಟಲಿ ಒಂದು ಬೆಳಿಗ್ಗೆ ಅಲ್ಲಿರಲಿಲ್ಲ.

ನಾಲ್ಕನೆಯ ದಿನ ಹೊರಡುವ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತು ಮಗಳನ್ನು ಕರೆದ.

“ಸುಷ್ಮಾ, ಚಪ್ಪಲಿ.”

ಅಷ್ಟೇ. ಅವಳು ಓಡಿಹೋಗಿ ಒಂದೇ ಚಪ್ಪಲಿ ತಂದಳು. ಹೂವಪ್ಪ ಅದನ್ನು ಹಾಕಿಕೊಂಡು, ಬರಿಯ ಕಾಲನ್ನು ಎತ್ತಿ ಮಗಳಿಗೆ ತೋರಿಸಿದ.

ಸುಷ್ಮಾ ಆ ಕಾಲನ್ನೇ ನೋಡುತ್ತ ನಿಂತಳು. ಪಾಳಿಯ ಸೈರನ್ ಕೂಗಿತು. ಹೂವಪ್ಪ ಚೌಕಟ್ಟು ಹಿಡಿದುಕೊಂಡು, ಒಂಟಿ ಕಾಲಿನಲ್ಲಿ, ಕಾಯುತ್ತ ನಿಂತ.